ಧ್ವನಿಯು ಎಲ್ಲಿ ತಡೆಯಿತು?

ಪರೀಕ್ಷೆಗೆ ಒಂದು ವಾರ ಉಳಿದಿದೆ. ಪಾಠವನ್ನು ಕೇಳಬೇಕೆಂದು ವಿದ್ಯಾರ್ಥಿಯು ತನ್ನ ಹಳೆಯ ಲ್ಯಾಪ್‌ಟಾಪನ್ನು ತೆರೆಯುತ್ತಾನೆ. ತೆರೆಯ ಮೇಲೆ ಅಧ್ಯಾಪಕರ ತುಟಿಗಳು ಚಲಿಸುತ್ತವೆ. ಮಾತು ಮಾತ್ರ ಕೇಳಿಸದು. ಧ್ವನಿಯ ಗುಂಡಿಯನ್ನು ಒತ್ತಿದರೆ ಅಳತೆಯ ಪಟ್ಟಿಯು ನೂರಕ್ಕೆ ಏರುತ್ತದೆ, ಆದರೂ ಮೌನ! ಯಂತ್ರವೇ ಕೆಟ್ಟಿತೆಂದು ರಿಪೇರಿಗೆ ಒಯ್ಯಬೇಕೆ? ಅದರಲ್ಲಿರುವುದು ಲಿನಕ್ಸ್ ಎಂಬ ಮುಕ್ತ ತಂತ್ರಾಂಶವಾದರೆ, ಮೊದಲು ಧ್ವನಿಯ ದಾರಿಯನ್ನು ನಾವೇ ಪರಿಶೀಲಿಸೋಣ.

ಕೆರೆಯ ನೀರು ಗದ್ದೆಯನ್ನು ಸೇರಬೇಕಾದರೆ ತೂಬು, ಕಾಲುವೆ, ಮಡೆ ಇವೆಲ್ಲವೂ ತೆರೆದಿರಬೇಕಷ್ಟೆ. ಒಂದು ಮುಚ್ಚಿದ್ದರೂ ಗದ್ದೆ ಒಣಗುತ್ತದೆ. ಲಿನಕ್ಸಿನಲ್ಲಿ ಧ್ವನಿಗೂ ಇಂಥವೇ ಮೂರು ಬಾಗಿಲುಗಳುಂಟು. ಮೊದಲನೆಯದು ಪಾಠವನ್ನು ನುಡಿಸುವ ತಂತ್ರಾಂಶದ್ದು. ಎರಡನೆಯದು ಹಲವು ಧ್ವನಿಗಳನ್ನು ಬೆರೆಸಿ, ಯಾವ ಕಡೆಗೆ ಕಳುಹಿಸಬೇಕೆಂದು ನಿರ್ಧರಿಸುವ ಪಲ್ಸ್‌ಆಡಿಯೋ ಅಥವಾ ಅದಕ್ಕಿಂತ ಹೊಸದಾದ ಪೈಪ್‌ವೈರ್. ಮೂರನೆಯದು ಧ್ವನಿಯ ಚಿಪ್ಪನ್ನು ನೇರವಾಗಿ ಆಳುವ ಆಲ್ಸಾ. ಯಾರೊಸ್ಲಾವ್ ಕಿಸೆಲಾ ಅವರು 1998ರಲ್ಲಿ ಆರಂಭಿಸಿದ ಈ ಯೋಜನೆಯು 2003ರಲ್ಲಿ ಹೊರಬಂದ ಲಿನಕ್ಸ್ 2.6ರ ಅಂಗವಾಗಿತ್ತು.

ತೆರೆಯ ಮೇಲಿನ ಪಟ್ಟಿಯು ಸಾಮಾನ್ಯವಾಗಿ ತೋರಿಸುವುದು ಎರಡನೆಯ ಬಾಗಿಲನ್ನು ಮಾತ್ರ. ಆದುದರಿಂದಲೇ ಅದು ನೂರನ್ನು ತೋರಿಸುತ್ತಿರುವಾಗಲೂ ಮೌನವು ಸಾಧ್ಯ.

ಮೊದಲು ಹೆಡ್‌ಫೋನನ್ನು ಜೋಡಿಸಿ ನೋಡಬೇಕು. ಅದರಲ್ಲಿ ಧ್ವನಿಯು ಕೇಳಿಸಿದರೆ ತಡೆಯಿರುವುದು ಸ್ಪೀಕರಿನ ಕವಲಿನಲ್ಲಿ ಎಂದಾಯಿತು. ಕೇಳಿಸದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಧ್ವನಿಯ ಔಟ್‌ಪುಟ್ಟನ್ನು ನೋಡಬೇಕು. ಎಚ್‌ಡಿಎಂಐ ಆಯ್ಕೆಯಾಗಿದ್ದರೆ ಧ್ವನಿಯು ಇಲ್ಲದ ಟೀವಿಯ ಕಡೆಗೆ ಹರಿಯುತ್ತಿರುತ್ತದೆ. ಬಳಿಕ ಟರ್ಮಿನಲ್ಲಿನಲ್ಲಿ ‘ಆಲ್ಸಾಮಿಕ್ಸರ್’ ಎಂಬ ಆಜ್ಞೆಯನ್ನು ಕೊಟ್ಟು, ‘ಎಫ್6’ ಗುಂಡಿಯಿಂದ ನಿಜವಾದ ಧ್ವನಿ ಕಾರ್ಡನ್ನು ಆರಿಸಬೇಕು. ಮಾಸ್ಟರ್, ಸ್ಪೀಕರ್, ಹೆಡ್‌ಫೋನ್ ಎಂಬ ಕಂಬಗಳು ಕಾಣಿಸುತ್ತವೆ. ಯಾವುದರ ಅಡಿಯಲ್ಲಿ ‘ಎಂಎಂ’ ಎಂಬ ಗುರುತಿದೆಯೋ ಆ ಬಾಗಿಲು ಮುಚ್ಚಿದೆ. ‘ಎಂ’ ಗುಂಡಿಯನ್ನು ಒತ್ತಿದರೆ ಅದು ತೆರೆಯುತ್ತದೆ. ಮೇಲಿನ ಬಾಣದ ಗುಂಡಿಯಿಂದ ಕಂಬವು ಏರುತ್ತದೆ.

ಹಾಗೆಂದು ಪಟ್ಟಿಯನ್ನು ನೂರಕ್ಕಿಂತ ಮೇಲಕ್ಕೆ ಏರಿಸುವುದು ಜಾಣತನವಲ್ಲ. ಧ್ವನಿಯ ಅಲೆಗಳ ತುದಿಗಳು ಕತ್ತರಿಸಿಹೋಗಿ ಮಾತು ಕರ್ಕಶವಾಗಬಹುದು.

ಎಲ್ಲ ಬಾಗಿಲುಗಳೂ ತೆರೆದಿದ್ದು, ಹೆಡ್‌ಫೋನಿನಲ್ಲಿ ಧ್ವನಿಯಿದ್ದು, ಸ್ಪೀಕರ್ ಮಾತ್ರ ಮೂಕವಾಗಿದ್ದರೆ ಆಗ ರಿಪೇರಿಯವರ ಬಳಿಗೆ ಹೋಗುವುದು ನ್ಯಾಯ. ಆದರೆ ಕೈಗೆ ಸಿಕ್ಕಿದ ಗುಂಡಿಗಳನ್ನೆಲ್ಲ ಒತ್ತದೆ, ದಾರಿಯನ್ನು ತಿಳಿದು, ಒಂದೊಂದೇ ಬಾಗಿಲನ್ನು ಪರೀಕ್ಷಿಸಿದವನು ಲ್ಯಾಪ್‌ಟಾಪಿನ ಜೊತೆಗೆ ವಿಜ್ಞಾನದ ವಿಧಾನವನ್ನೂ ಗಳಿಸಿಕೊಂಡನಲ್ಲವೆ?