ಕಿಟಕಿ ಬಿಸಿಲು ಬಿಯರ್ಡೆಡ್ ಡ್ರ್ಯಾಗನ್‌ಗೆ ಸಾಕಾಗುತ್ತದೆಯೇ? ಶಾಖ ಮತ್ತು ಯುವಿಬಿ ಬೆಳಕಿನ ನಿಜಾಂಶ ಇಲ್ಲಿದೆ

‘ಇದು ಮರುಭೂಮಿಯ ಪ್ರಾಣಿ, ಬೆಚ್ಚಗಿದ್ದರೆ ಸಾಕು. ಟ್ಯಾಂಕನ್ನು ಕಿಟಕಿ ಪಕ್ಕ ಇಟ್ಟು ಒಂದು ಬಲ್ಬ್ ಹಾಕಿ’ ಎಂಬ ಸಲಹೆ ಬಿಯರ್ಡೆಡ್ ಡ್ರ್ಯಾಗನ್ ಸಾಕುವವರ ನಡುವೆ ಆಗಾಗ ಕೇಳಿಬರುತ್ತದೆ. ಇದು ಅರ್ಧ ಮಾತ್ರ ನಿಜ. ಉಳಿದರ್ಧವನ್ನು ನಂಬಿದರೆ ಪ್ರಾಣಿಯ ಮೂಳೆಗೇ ಕುತ್ತು.

ಎರಡೂ ಬೇಕು, ಏಕೆ?

ಬಿಯರ್ಡೆಡ್ ಡ್ರ್ಯಾಗನ್ ಆಸ್ಟ್ರೇಲಿಯಾದ ಒಣ ಒಳನಾಡಿನ ಹಲ್ಲಿ. ನಮ್ಮ ಬೇಲಿ ಮೇಲೆ ಬೆಳಗ್ಗೆ ಬಿಸಿಲು ಕಾಯಿಸುವ ಓತಿಕ್ಯಾತದ ಕುಟುಂಬಕ್ಕೇ ಸೇರಿದ್ದು. ಇವುಗಳ ದೇಹ ತಾನಾಗಿ ಬಿಸಿಯಾಗುವುದಿಲ್ಲ. ತಿಂದದ್ದು ಜೀರ್ಣವಾಗಲೂ ಹೊರಗಿನ ಶಾಖ ಬೇಕು.

ಬಿಸಿಲಿನಲ್ಲಿ ಶಾಖದ ಜೊತೆಗೆ ಯುವಿಬಿ ಎಂಬ ನೇರಳಾತೀತ ಕಿರಣವೂ ಇರುತ್ತದೆ. ಇದು ಚರ್ಮಕ್ಕೆ ಬಿದ್ದಾಗ ವಿಟಮಿನ್ ಡಿ3 ತಯಾರಿ ಶುರುವಾಗುತ್ತದೆ. ಅದು ಪೂರ್ಣವಾಗಲು ದೇಹದ ಶಾಖವೂ ಬೇಕು. ಡಿ3 ಇಲ್ಲದಿದ್ದರೆ ಆಹಾರದ ಕ್ಯಾಲ್ಸಿಯಂ ಸರಿಯಾಗಿ ಮೈಗೆ ಸೇರುವುದಿಲ್ಲ. ಆಗ ದೇಹ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆದುಕೊಳ್ಳುತ್ತದೆ. ದವಡೆ ಮೆತ್ತಗಾಗುವುದು, ಕಾಲು ಸೊಟ್ಟಗಾಗುವುದು, ನಡುಕ, ಮೈ ಎತ್ತಲಾಗದೆ ತೆವಳುವುದು ಇದರ ಲಕ್ಷಣಗಳು. ಇವು ಕಂಡರೆ ಬಲ್ಬ್ ಬದಲಿಸಿ ಕಾಯಬೇಡಿ, ತಕ್ಷಣ ಪಶುವೈದ್ಯರಿಗೆ ತೋರಿಸಿ.

ಕಿಟಕಿ ಬಿಸಿಲು ಏಕೆ ಸಾಲದು?

ಸಾಮಾನ್ಯ ಗಾಜು ಬೆಳಕು, ಶಾಖವನ್ನು ಒಳಗೆ ಬಿಡುತ್ತದೆ. ಆದರೆ ಯುವಿಬಿಯನ್ನು ಬಹುತೇಕ ತಡೆಯುತ್ತದೆ. ಇನ್ನೊಂದು ಅಪಾಯವೂ ಇದೆ. ಬಿಸಿಲಿಗಿಟ್ಟ ಗಾಜಿನ ಟ್ಯಾಂಕ್ ಕೆಲವೇ ನಿಮಿಷಗಳಲ್ಲಿ ಒಲೆಯಂತೆ ಕಾದು ಪ್ರಾಣಿ ಸಾಯಬಹುದು. ಬಿಸಿಲು ಕೊಡಬೇಕೆಂದರೆ ನೆರಳೂ ಇರುವ ಜಾಲರಿ ಪಂಜರದಲ್ಲಿ, ನೀವು ಪಕ್ಕದಲ್ಲೇ ಇದ್ದು ಕೊಡಿ.

ಶಾಖದ ಬಲ್ಬ್ ಆಯ್ಕೆ ಹೇಗೆ?

‘ಎಷ್ಟು ವ್ಯಾಟ್?’ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಡಿಸೆಂಬರ್‌ನ ಮಡಿಕೇರಿಗೆ ಸರಿಹೋದ ಬಲ್ಬ್ ಮೇ ತಿಂಗಳ ಕಲಬುರಗಿಯಲ್ಲಿ ಅತಿಯಾಗುತ್ತದೆ. ವ್ಯಾಟ್ ನೋಡಬೇಡಿ, ಥರ್ಮಾಮೀಟರ್ ನೋಡಿ.

• ಮೈ ಕಾಯಿಸುವ ಜಾಗದ ಮೇಲ್ಮೈ: 38ರಿಂದ 42 ಡಿಗ್ರಿ ಸೆಲ್ಸಿಯಸ್
• ಟ್ಯಾಂಕಿನ ತಂಪು ಬದಿ: 24ರಿಂದ 29 ಡಿಗ್ರಿ

ಬಿಳಿ ಬೆಳಕಿನ ಹ್ಯಾಲೋಜನ್ ಫ್ಲಡ್ ಬಲ್ಬ್ ಒಳ್ಳೆಯ ಆಯ್ಕೆ. ಅದನ್ನು ಒಂದು ತುದಿಗೆ ಮಾತ್ರ ಹಾಕಿ, ಪ್ರಾಣಿಗೆ ಮುಟ್ಟಲು ಸಿಗಬಾರದು. ‘ಹೀಟ್ ರಾಕ್’ ಎಂದು ಮಾರುವ ಬಿಸಿ ಕಲ್ಲು ಬೇಡ, ಹೊಟ್ಟೆ ಸುಟ್ಟ ಗಾಯವಾಗುತ್ತದೆ. ರಾತ್ರಿ ಕೆಂಪು ಬಲ್ಬ್ ಕೂಡ ಬೇಡ, ಕತ್ತಲೆಯೇ ಬೇಕು. ಕೋಣೆ ತೀರಾ ತಣ್ಣಗಾಗುವುದಾದರೆ ಬೆಳಕು ಕೊಡದ ಸೆರಾಮಿಕ್ ಹೀಟರ್ ಅನ್ನು ಥರ್ಮೋಸ್ಟಾಟ್ ಜೊತೆ ಬಳಸಿ.

ಯುವಿಬಿ ದೀಪ ಯಾವುದು?

ಸರೀಸೃಪಗಳಿಗೆಂದೇ ಮಾಡಿದ ಉದ್ದನೆಯ ಟಿ5 ಟ್ಯೂಬ್, 10ರಿಂದ 12 ಶೇಕಡಾದ್ದು ಸೂಕ್ತ. ಸಣ್ಣ ಸುರುಳಿ ಬಲ್ಬ್‌ನ ಬೆಳಕು ಒಂದೇ ಮೂಲೆಗೆ ಸೀಮಿತ. ಟ್ಯೂಬ್ ಟ್ಯಾಂಕಿನ ಅರ್ಧ ಉದ್ದವಾದರೂ ಇದ್ದು, ಶಾಖದ ಬಲ್ಬ್ ಇರುವ ಬದಿಯಲ್ಲೇ ಇರಲಿ. ಪ್ರಾಣಿಯ ಬೆನ್ನಿನಿಂದ ಸಾಮಾನ್ಯವಾಗಿ 30ರಿಂದ 40 ಸೆಂ.ಮೀ. ದೂರ ಸಾಕು, ಆದರೆ ತಯಾರಕರ ಸೂಚನೆ ಓದಿಯೇ ನಿರ್ಧರಿಸಿ. ಮಧ್ಯೆ ಗಾಜು, ಪ್ಲಾಸ್ಟಿಕ್ ಇರಬಾರದು. ಜಾಲರಿಯೂ ಸ್ವಲ್ಪ ಯುವಿಬಿ ತಡೆಯುತ್ತದೆ. ದಿನಕ್ಕೆ ಸುಮಾರು 12 ಗಂಟೆ ಉರಿಸಿ, ನೆರಳಿಗೆ ಹೋಗಲು ಜಾಗವೂ ಇರಲಿ.

ಮನೆಯ ಎಲ್ಇಡಿ ಬಲ್ಬ್‌ನಲ್ಲಿ ಯುವಿಬಿ ಇರುವುದಿಲ್ಲ. ‘ಯುವಿ’ ಎಂದು ಬರೆದಿದೆಯೆಂದು ವಾಟರ್ ಪ್ಯೂರಿಫೈಯರ್‌ನ ದೀಪ ಹಾಕಲೇಬೇಡಿ. ಅದು ರೋಗಾಣು ಕೊಲ್ಲುವ ಯುವಿಸಿ. ಪ್ರಾಣಿಯ ಕಣ್ಣಿಗೂ ನಿಮ್ಮ ಕಣ್ಣಿಗೂ ಅಪಾಯ.

ಉರಿಯುತ್ತಿದ್ದರೆ ಸರಿಯಿದೆಯೇ?

ಇಲ್ಲ. ಟ್ಯೂಬ್‌ನ ಬೆಳಕು ಕಾಣುತ್ತಿದ್ದರೂ ಯುವಿಬಿ ತಿಂಗಳು ಕಳೆದಂತೆ ಕುಗ್ಗುತ್ತದೆ. ಟಿ5 ಟ್ಯೂಬನ್ನು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಬದಲಿಸಬೇಕು. ಹಾಕಿದ ದಿನಾಂಕವನ್ನು ಅದರ ತುದಿಯಲ್ಲೇ ಬರೆದಿಡಿ.

ಕೊನೆಯ ಮಾತು: ಕಿಟಕಿ ಬಿಸಿಲು ಸಾಕು ಎಂಬುದು ತಪ್ಪು. ಶಾಖಕ್ಕೆ ಒಂದು ಬಲ್ಬ್, ಯುವಿಬಿಗೆ ಇನ್ನೊಂದು ಟ್ಯೂಬ್, ಅಳೆಯಲು ಥರ್ಮಾಮೀಟರ್ ಬೇಕು. ಇವುಗಳ ಖರ್ಚನ್ನು ಪ್ರಾಣಿ ತರುವ ಮೊದಲೇ ಲೆಕ್ಕ ಹಾಕಿ. ಈಗಾಗಲೇ ಸಾಕಿರುವ ಗೆಳೆಯರಿದ್ದರೆ ಇದನ್ನು ಅವರಿಗೆ ಕಳಿಸಿ.