ಮನೆಗೊಂದು ಕೊಡಲಿ

ನಮ್ಮ ಮನೆಗಳಲ್ಲಿ ಕೊಡಲಿಗೆ ತುಂಬಾ ಕೆಲಸ. ಸೌದೆ ಸೀಳಬೇಕು. ಬೇಲಿಗೆ ಗೂಟ ಕೆತ್ತಬೇಕು. ಒಣಗಿದ ಕೊಂಬೆ ಕಡಿಯಬೇಕು. ಮೊದಲ ಸಲ ಕೊಡಲಿ ಕೊಳ್ಳುವಾಗ ನಾವು ಏನೇನು ನೋಡಬೇಕು?

ಮೊದಲು ತೂಕ ನೋಡೋಣ. ಕೊಡಲಿ ಭಾರ ಇದ್ದರೆ ಕೆಲಸ ಬೇಗ ಆಗುತ್ತೆ ಅನ್ನಿಸುತ್ತೆ. ಆದರೆ ಕೈ ಸೋತರೆ ಏಟು ತಪ್ಪುತ್ತೆ. ತಪ್ಪಿದ ಏಟು ಕಾಲಿಗೆ ಬೀಳಬಹುದು. ಮನೆಗೆಲಸಕ್ಕೆ ಸುಮಾರು 1 ಕಿಲೋ ತೂಕದ ಕೊಡಲಿ ಸಾಕು. ಸೌದೆ ಸೀಳುವವರು ಹೆಂಗಸರಾದರೆ ಅವರೇ ಎತ್ತಿ ನೋಡಿ ಆರಿಸಲಿ.

ಆಮೇಲೆ ಕಾವು ನೋಡೋಣ. ಜಾಲಿ, ದಿಂಡಿಗ ಮರದ ಕಾವು ಗಟ್ಟಿ. ಮರ ಚೆನ್ನಾಗಿ ಒಣಗಿರಬೇಕು. ಅದರ ಎಳೆ ಉದ್ದಕ್ಕೆ ನೇರವಾಗಿರಬೇಕು. ಗಂಟು, ಬಿರುಕು ಇದ್ದರೆ ಬೇಡ.

ಕಾವು ಬಿಗಿಯಾಗಿ ಕೂತಿದೆಯೇ? ಅಲ್ಲಾಡಿಸಿ ನೋಡೋಣ. ಸಡಿಲ ಇದ್ದರೆ ಬೀಸುವಾಗ ಕೊಡಲಿ ಕಳಚಿ ಹಾರುತ್ತೆ. ಹತ್ತಿರ ಇದ್ದವರ ಜೀವಕ್ಕೇ ಅಪಾಯ. ಕೆಲವರು ಕೊಡಲಿಯನ್ನು ನೀರಿನಲ್ಲಿ ನೆನೆಹಾಕುತ್ತಾರೆ. ಮರ ಉಬ್ಬಿ ಬಿಗಿಯಾಗುತ್ತೆ, ನಿಜ. ಆದರೆ ಒಣಗಿದ ಮೇಲೆ ಮತ್ತೆ ಸಡಿಲ! ಅದಕ್ಕೇ ಬೆಣೆ ಹೊಡೆಸಬೇಕು.

ಬಾಯಿ ಮೊಂಡಾದರೆ ಕೊಡಲಿ ಜಾರುತ್ತೆ. ಆಗಾಗ ಸಾಣೆ ಹಿಡಿಸೋಣ. ಸಾಣೆ ಚಕ್ರದಲ್ಲಿ ಹಿಡಿಯುವಾಗ ನೀರಿಗೆ ಅದ್ದುತ್ತಾ ಇರಬೇಕು. ಉಕ್ಕು ಕಾದು ನೀಲಿ ಬಣ್ಣಕ್ಕೆ ತಿರುಗಿದರೆ ಹದ ಕೆಟ್ಟಂತೆ.

ಸೌದೆಯನ್ನು ಕೊರಡಿನ ಮೇಲಿಟ್ಟು ಸೀಳೋಣ. ಮಕ್ಕಳನ್ನು ದೂರ ಕಳಿಸೋಣ. ಕೆಲಸ ಮುಗಿದ ಮೇಲೆ ಕೊಡಲಿಯನ್ನು ಅವರ ಕೈಗೆ ಸಿಗದ ಹಾಗೆ ಇಡೋಣ.

ಕೊಡಲಿ ಮರ ಕಡಿಯಲಿ. ನಮ್ಮ ಕೈಕಾಲು ಉಳಿಯಲಿ.