ಸನದು ಕಳೆದುಕೊಂಡ ವಕೀಲ, ಒಂದಾದ ನಾಡು

ಕೊಪ್ಪಕ್ಕೂ ಕುಶಾಲನಗರಕ್ಕೂ ನಡುವೆ ಇರುವುದು ಕಾವೇರಿ, ಒಂದು ಸೇತುವೆ. ಆದರೆ 1956ರ ಅಕ್ಟೋಬರ್ 31ರವರೆಗೆ ಈ ದಡ ಮೈಸೂರು ರಾಜ್ಯ, ಆ ದಡ ಕೊಡಗು ರಾಜ್ಯ! ಕನ್ನಡಿಗರು ಮೈಸೂರು, ಮುಂಬಯಿ, ಹೈದರಾಬಾದ್, ಮದರಾಸು, ಕೊಡಗು ಅಂತ ಐದು ಆಡಳಿತಗಳಲ್ಲಿ ಹಂಚಿಹೋಗಿದ್ದರು.

ಮರುದಿನ, ನವೆಂಬರ್ 1ಕ್ಕೆ, ಇವುಗಳ ಕನ್ನಡ ಪ್ರದೇಶಗಳೆಲ್ಲ ಸೇರಿ ಒಂದು ರಾಜ್ಯವಾಯಿತು. ಅದರ ಮೊದಲ ಮುಖ್ಯಮಂತ್ರಿ ಒಬ್ಬ ವಕೀಲರು: ಎಸ್. ನಿಜಲಿಂಗಪ್ಪ.

ಹುಟ್ಟಿದ್ದು 1902ರಲ್ಲಿ, ಆಗಿನ ಬಳ್ಳಾರಿ ಜಿಲ್ಲೆಯ ಹಲುವಾಗಲಿನಲ್ಲಿ. ಪುಣೆಯಲ್ಲಿ ಕಾನೂನು ಓದಿ ಚಿತ್ರದುರ್ಗದಲ್ಲಿ ವಕೀಲಿ ಶುರು ಮಾಡಿದರು. ನೆಮ್ಮದಿಯಾಗಿ ಬದುಕಬಹುದಿತ್ತು. ಆದರೆ 1939ರಲ್ಲಿ ತುರುವನೂರಿನ ಅರಣ್ಯ ಸತ್ಯಾಗ್ರಹ ಬಂತು. ಹೆಂಡಕ್ಕೆ ಮೂಲವಾದ ಈಚಲು ಮರ ಕಡಿಯುವ ಚಳವಳಿ ಅದು. ನಿಜಲಿಂಗಪ್ಪ ಜೈಲಿಗೆ ಹೋದರು, ವಕೀಲಿಯ ಸನದನ್ನೂ ಕಳೆದುಕೊಂಡರು. ಅನ್ನದ ದಾರಿಯನ್ನೇ ಪಣಕ್ಕಿಟ್ಟ ಆ ನಿರ್ಧಾರ ನನಗೆ ಅವರ ಯಾವ ಪದವಿಗಿಂತಲೂ ದೊಡ್ಡದಾಗಿ ಕಾಣುತ್ತದೆ.

ಆಮೇಲೆ ಸಂವಿಧಾನ ಸಭೆಯ ಸದಸ್ಯತ್ವ, ಕನ್ನಡ ನಾಡಿನ ಏಕೀಕರಣದ ಹೋರಾಟ. ಏಕೀಕರಣ ಹಳೇ ಮೈಸೂರಿನಲ್ಲಿ ಎಲ್ಲರಿಗೂ ಬೇಕಿರಲಿಲ್ಲ. ತಮ್ಮ ಪ್ರಾಬಲ್ಯ ಕಡಿಮೆಯಾದೀತೆಂದು ಹಲವು ನಾಯಕರು ಅಂಜಿದ್ದರು. ಅಂದಿನ ಮೈಸೂರು ರಾಜ್ಯದ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯ, ಅವರೂ ವಕೀಲರೇ, ಆ ವಿರೋಧದ ನಡುವೆಯೇ ಏಕೀಕರಣದ ಪರ ನಿಂತರು. ಅವರನ್ನೂ ನೆನೆಯಲೇಬೇಕು.

1969ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ನಿಜಲಿಂಗಪ್ಪ ಪ್ರಧಾನಿ ಇಂದಿರಾ ಗಾಂಧಿಯವರನ್ನೇ ಪಕ್ಷದಿಂದ ಉಚ್ಚಾಟಿಸಿದರು. ಪಕ್ಷ ಒಡೆಯಿತು, ಅಧಿಕಾರ ಅವರ ಬಣದ ಕೈತಪ್ಪಿತು. ಹಾಗಾಗಿ 1973ರಲ್ಲಿ ರಾಜ್ಯಕ್ಕೆ ‘ಕರ್ನಾಟಕ’ ಅಂತ ಹೆಸರಿಟ್ಟಾಗ ಮುಖ್ಯಮಂತ್ರಿಯಾಗಿದ್ದವರು ಇಂದಿರಾ ಬಣದ, ಹುಣಸೂರಿನ ದೇವರಾಜ ಅರಸು.

ನಿಜಲಿಂಗಪ್ಪ 2000ದ ಆಗಸ್ಟ್ 8ರಂದು ಚಿತ್ರದುರ್ಗದಲ್ಲಿ ತೀರಿಕೊಂಡರು. ಈ ರಾಜ್ಯೋತ್ಸವಕ್ಕೆ ನಿಮ್ಮ ಶಾಲೆಯಲ್ಲಿ, ಸಂಘದಲ್ಲಿ ಅವರ ಬಗ್ಗೆ ನಾಲ್ಕು ಮಾತು ಆಡಿ.